ಮೆಟ್ರಿಯ ಬಿಸಿಲಲ್ಲಿ ಮೈನಸ್ ನಲವತ್ತು

ಸ್ಕ್ಯಾನರ್‌ನ ಪುಟ್ಟ ಪರದೆಯ ಮೇಲೆ ಗ್ಯಾಸಿನ ತಾಪಮಾನ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಎಂದು ಬಂದಿತ್ತು. ಹೊರಗೆ ಬಳ್ಳಾರಿ ಸೀಮೆಯ ಮೆಟ್ರಿ ಎಂಬ ಊರಿನ ಮೇ ತಿಂಗಳ ನಡುಮಧ್ಯಾಹ್ನ. ಗಾಡಿಯ ತಗಡು ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ನೋಡನೋಡುತ್ತಿದ್ದಂತೆ ಪರದೆ 58ಕ್ಕೆ ಹಾರಿತು. ಯಾರೋ ಬಾಗಿಲನ್ನು ಧಡ್ಡೆಂದು ಹಾಕಿದರು, ಮತ್ತೆ ಮೈನಸ್ 40. ಸುತ್ತ ನಿಂತಿದ್ದವರಲ್ಲಿ ಒಬ್ಬರು ತೀರ್ಪು ಕೊಟ್ಟೇಬಿಟ್ಟರು: ‘ಸೆನ್ಸರ್ ಹೋಗೈತಿ, ಹೊಸಾದು ಹಾಕ್ರಿ.’

ಆದರೆ ಆ ಸೆನ್ಸರ್ ಹೊಸದೇ ಆಗಿತ್ತು. ಕಂಪ್ಲಿ ಕಡೆಯ ತೋಟಗಳಿಂದ ಬಾಳೆಗೊನೆ, ತರಕಾರಿ ಹೇರಿಕೊಂಡು ಹೊಸಪೇಟೆಗೆ ಹೋಗಿಬರುವ ಪರಿಚಯದವರ ಸಿಎನ್‌ಜಿ ಗೂಡ್ಸ್ ಗಾಡಿ ಅದು. ‘ಮುಂಜಾನಿ ಛಲೋ ಓಡತೈತಿ, ಮಧ್ಯಾಹ್ನ ಆತಂದ್ರ ಎಳಿಯಂಗಿಲ್ಲ, ಜರ್ಕ್ ಹೊಡೀತೈತಿ’ ಎಂಬುದು ಅವರ ದೂರು. ಹಿಂದೆ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ, ಬಂದ ದೋಷದ ಕೋಡ್ ನೋಡಿ, ಸೆನ್ಸರ್ ಬದಲಿಸಿ ಕಳಿಸಿದ್ದರು. ಕೆಲವು ವಾರ ಗಾಡಿ ಸರಿಯಾಗಿಯೇ ಓಡಿತು. ಆಮೇಲೆ ಮತ್ತೆ ಅದೇ ಹಾಡು. ಒಂದು ದಿನ ಗಾಡಿ ನಿಂತರೆ ಅಂದಿನ ಬಾಡಿಗೆ ಹೋಯಿತು. ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟದ ಬಾಳೆಗೊನೆಗೆ ಬೆಲೆಯೂ ಹೋಯಿತು. ಇಂಥ ಗಾಡಿಗಳ ಮೇಲೆ ಬದುಕು ಕಟ್ಟಿಕೊಂಡವರು ಹೊಸಪೇಟೆ, ಕಂಪ್ಲಿ, ಸಂಡೂರು ಸುತ್ತ ಹೆಚ್ಚುತ್ತಿದ್ದಾರೆ. ಅವರು ಒಂದೇ ದೋಷಕ್ಕೆ ಎರಡು ಸಲ, ಮೂರು ಸಲ ಹಣ ಸುರಿಯುವುದನ್ನು ಕಂಡು ಈ ಲೇಖನ ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ಸ್ಕ್ಯಾನರ್ ಹೇಳುವುದು ದೋಷ ಯಾವ ಸರ್ಕ್ಯೂಟಿನಲ್ಲಿದೆ ಎಂಬುದನ್ನು ಮಾತ್ರ. ಆ ಸರ್ಕ್ಯೂಟಿನ ಯಾವ ಜಾಗದಲ್ಲಿದೆ ಎಂಬುದನ್ನು ಅಳೆದೇ ತಿಳಿಯಬೇಕು. ಅಳೆಯಲು ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ.

ಗ್ಯಾಸಿಗೆ ತಾಪದ ಲೆಕ್ಕ ಏಕೆ?

ಪೆಟ್ರೋಲ್ ಗಾಡಿ ಓಡಿಸಿ ರೂಢಿಯಾದವರಿಗೆ ಇಂಧನದ ತಾಪಮಾನ ಅಳೆಯುವ ಸೆನ್ಸರ್ ಇರುವುದೇ ಗೊತ್ತಿರುವುದಿಲ್ಲ. ಪೆಟ್ರೋಲ್ ದ್ರವ. ಅದು 10 ಡಿಗ್ರಿ ಬಿಸಿಯಾದರೆ ಹಿಗ್ಗುವುದು ಹೆಚ್ಚುಕಡಿಮೆ ಶೇ 1ರಷ್ಟು. ಅನಿಲದ ಕಥೆ ಬೇರೆ. ಒತ್ತಡ ಹಾಗೇ ಇದ್ದು ತಾಪ 30ರಿಂದ 40 ಡಿಗ್ರಿಗೆ ಏರಿದರೆ ಗ್ಯಾಸಿನ ಸಾಂದ್ರತೆ ಶೇ 3ಕ್ಕೂ ಹೆಚ್ಚು ಇಳಿಯುತ್ತದೆ. ಎಂಜಿನ್ನಿಗೆ ಗ್ಯಾಸು ಬಿಡುವ ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದಿದ್ದರೂ ಒಳಹೋಗುವ ಗ್ಯಾಸಿನ ತೂಕ ಕಡಿಮೆಯಾಗುತ್ತದೆ. ಎಂಜಿನ್ನಿಗೆ ಬೇಕಾದದ್ದು ತೂಕ. ಮೀಥೇನ್ ಪೂರ್ತಿ ಉರಿಯಲು ಒಂದು ಕಿಲೋಗೆ ಸುಮಾರು 17 ಕಿಲೋ ಗಾಳಿ ಬೇಕು, ಪೆಟ್ರೋಲಿಗಾದರೆ ಸುಮಾರು 14.7. ಈ ಹದ ತಪ್ಪಿದರೆ ಎಳೆತ ತಪ್ಪುತ್ತದೆ, ಮೈಲೇಜ್ ತಪ್ಪುತ್ತದೆ, ಹೊಗೆಯ ಗುಣವೂ ಕೆಡುತ್ತದೆ.

ಸಿಲಿಂಡರ್‌ನಲ್ಲಿ ಗ್ಯಾಸು 200 ಬಾರ್ ಒತ್ತಡದಲ್ಲಿ ತುಂಬಿರುತ್ತದೆ. ನಮ್ಮ ಮೆಕ್ಯಾನಿಕ್‌ಗಳು ರಿಡ್ಯೂಸರ್ ಎಂದು ಕರೆಯುವ ರೆಗ್ಯುಲೇಟರ್ ಅದನ್ನು ಕೆಲವೇ ಬಾರ್‌ಗೆ ಇಳಿಸಿ ಇಂಜೆಕ್ಟರ್‌ಗಳಿಗೆ ಗ್ಯಾಸು ಹಂಚುವ ರೇಲ್ ಎಂಬ ಕೊಳವೆಗೆ ಕಳಿಸುತ್ತದೆ. ಒತ್ತಡ ಹೀಗೆ ಒಮ್ಮೆಲೇ ಇಳಿದಾಗ ಗ್ಯಾಸು ತಣ್ಣಗಾಗುತ್ತದೆ. ಜೂಲ್ ಮತ್ತು ಥಾಮ್ಸನ್ 1852ರ ಸುಮಾರಿಗೆ ಪ್ರಯೋಗ ಮಾಡಿ ತೋರಿಸಿದ ಪರಿಣಾಮ ಇದೇ. ಸಿಎನ್‌ಜಿಯಲ್ಲಿ ಈ ತಂಪು ಹಲವು ಹತ್ತು ಡಿಗ್ರಿಗಳಷ್ಟಾಗಬಹುದು. ರಿಡ್ಯೂಸರ್ ಹೆಪ್ಪುಗಟ್ಟದಿರಲಿ ಎಂದು ಅದರ ಸುತ್ತ ಎಂಜಿನ್ನಿನ ಬಿಸಿ ಕೂಲಂಟ್ ಹರಿಸಿರುತ್ತಾರೆ. ಅಂದರೆ ಒಂದೇ ಗ್ಯಾಸು ಡಿಕ್ಕಿಯಲ್ಲಿ ಬಿಸಿಲಿಗೆ ಕಾದು, ರಿಡ್ಯೂಸರ್‌ನಲ್ಲಿ ತಣಿದು, ಕೂಲಂಟ್‌ನಿಂದ ಮತ್ತೆ ಕಾದು, ಬಾನೆಟ್ಟಿನ ಕಾವಿನಲ್ಲಿ ಇನ್ನಷ್ಟು ಬಿಸಿಯಾಗಿ ಇಂಜೆಕ್ಟರ್ ತಲುಪುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ ಆ ಕೊನೆಯ ತಾಪವನ್ನು ಊಹಿಸಿ ಹೇಳಲಾಗದು. ಹೀಗಾಗಿ ರೇಲ್‌ನಲ್ಲಿ ಒಂದು ಒತ್ತಡದ ಸೆನ್ಸರ್, ಒಂದು ತಾಪದ ಸೆನ್ಸರ್ ಇರುತ್ತವೆ. ಅನೇಕ ಗಾಡಿಗಳಲ್ಲಿ ಎರಡೂ ಒಂದೇ ತುಂಡು. ಇವೆರಡರ ಲೆಕ್ಕದಿಂದ ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ತೀರ್ಮಾನಿಸುತ್ತದೆ.

58 ಡಿಗ್ರಿಯ ಗ್ಯಾಸನ್ನು ಮೈನಸ್ 40 ಎಂದು ನಂಬಿದರೆ ಏನಾದೀತು? ಆ ಚಳಿಯಲ್ಲಿ ಗ್ಯಾಸು ಶೇ 40ಕ್ಕೂ ಹೆಚ್ಚು ದಟ್ಟವಾಗಿರುತ್ತದೆ. ‘ದಟ್ಟ ಗ್ಯಾಸು, ಸ್ವಲ್ಪವೇ ಸಾಕು’ ಎಂದು ಇಸಿಯು ಇಂಜೆಕ್ಟರನ್ನು ಬೇಗ ಮುಚ್ಚುತ್ತದೆ. ಎಂಜಿನ್ನಿಗೆ ಗ್ಯಾಸು ಸಾಲದೆ ಜರ್ಕ್ ಶುರುವಾಗುತ್ತದೆ. ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಕೊರತೆ ಗಮನಿಸಿ ಸರಿಪಡಿಸಲು ನೋಡುತ್ತದೆ, ಆದರೆ ಅದರ ಕೈಗೂ ಒಂದು ಮಿತಿಯಿದೆ. ದೋಷ ಖಚಿತವಾದ ಮೇಲೆ ಇಸಿಯು ಸೆನ್ಸರ್‌ನ ಮಾತು ಬಿಟ್ಟು ತನ್ನಲ್ಲಿ ಬರೆದಿಟ್ಟ ಅಂದಾಜು ತಾಪವನ್ನು ಹಿಡಿಯುತ್ತದೆ. ಕೆಲವು ಗಾಡಿಗಳಂತೂ ಗ್ಯಾಸನ್ನೇ ಬಿಟ್ಟು ಪೆಟ್ರೋಲಿಗೆ ಹೊರಳುತ್ತವೆ. ಬಾಡಿಗೆ ಗಾಡಿಯವರಿಗೆ ಅದು ನೇರ ನಷ್ಟ.

ಕೋಡ್ ಓದುವ ಬಗೆ

ಅಂತಾರಾಷ್ಟ್ರೀಯ ಕೋಡ್ ಪಟ್ಟಿಯಲ್ಲಿ ಇಂಧನ ತಾಪದ ಸೆನ್ಸರಿಗೆ ಪಿ0180ರಿಂದ ಪಿ0184ರವರೆಗಿನ ಐದು ಸಂಖ್ಯೆ ಮೀಸಲಾಗಿವೆ. ಎರಡನೆಯ ಸೆನ್ಸರ್ ಇದ್ದರೆ ಪಿ0185ರಿಂದ ಪಿ0189. ಪಿ0180 ಎಂದರೆ ಸರ್ಕ್ಯೂಟಿನಲ್ಲಿ ಒಟ್ಟಾರೆ ದೋಷ. ಪಿ0181, ರೀಡಿಂಗ್ ಬರುತ್ತಿದೆ ಆದರೆ ನಂಬುವಂತಿಲ್ಲ. ಪಿ0182, ಸಿಗ್ನಲ್ ವೋಲ್ಟೇಜ್ ತೀರಾ ಕಡಿಮೆ. ಪಿ0183, ವೋಲ್ಟೇಜ್ ತೀರಾ ಹೆಚ್ಚು. ಪಿ0184, ಆಗಾಗ ಬಂದು ಹೋಗುವ ದೋಷ.

ಎಷ್ಟೋ ಮಂದಿ ಎಡವುವುದು ಪಿ0183ರ ಮುಂದೆ. ಪರದೆಯಲ್ಲಿ ‘ಹೈ’ ಎಂದು ಕಂಡ ಕೂಡಲೇ ಗ್ಯಾಸು ಅತಿಯಾಗಿ ಕಾದಿದೆ ಎಂದುಕೊಳ್ಳುತ್ತಾರೆ. ಕೂಲಂಟ್, ಫ್ಯಾನು, ರೇಡಿಯೇಟರ್ ಎಂದು ಹುಡುಕಲು ಹೊರಡುತ್ತಾರೆ. ನಿಜಕ್ಕೂ ಅಲ್ಲಿ ಹೆಚ್ಚಾಗಿರುವುದು ವೋಲ್ಟೇಜ್. ಈ ಸೆನ್ಸರ್‌ನಲ್ಲಿ ವೋಲ್ಟೇಜ್ ಹೆಚ್ಚಾದಷ್ಟೂ ತಾಪ ಕಡಿಮೆ ಎಂಬ ಲೆಕ್ಕ. ವೈರು ತುಂಡಾದರೆ ಮೈನಸ್ 40. ಸಿಗ್ನಲ್ ವೈರು ಗಾಡಿಯ ಲೋಹದ ಬಾಡಿಗೆ ತಾಗಿ ಶಾರ್ಟ್ ಆದರೆ 120, 140 ಹೀಗೆ ಅತಿ ಬಿಸಿ. ಆಗ ಇಸಿಯು ಗ್ಯಾಸು ತೀರಾ ತೆಳುವಾಗಿದೆ ಎಂದುಕೊಂಡು ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ.

ಹೀಗೇಕೆ ಎಂಬುದು ತಿಳಿದರೆ ಪರೀಕ್ಷೆ ಸುಲಭ. ಸೆನ್ಸರ್‌ನೊಳಗೆ ಇರುವುದು ಥರ್ಮಿಸ್ಟರ್ ಎಂಬ ಪುಟ್ಟ ಮಣಿ. ಬಿಸಿಯಾದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಲೋಹದ ತಂತಿಯಲ್ಲಿ ಆಗುವುದು ಇದರ ತಿರುಗುಮುರುಗು. ಮೈಕೆಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡ್‌ನಲ್ಲಿ ಈ ವಿಚಿತ್ರ ಗುಣವನ್ನು ಕಂಡು ಬರೆದಿಟ್ಟಿದ್ದ. ವಾಹನಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಥರ್ಮಿಸ್ಟರ್ 0 ಡಿಗ್ರಿಯಲ್ಲಿ ಸುಮಾರು 5.9 ಕಿಲೋಓಮ್, 20 ಡಿಗ್ರಿಯಲ್ಲಿ 2.5, 40ರಲ್ಲಿ 1.2, 60ರಲ್ಲಿ 0.6, 80ರಲ್ಲಿ 0.32 ಕಿಲೋಓಮ್ ತೋರಿಸುತ್ತದೆ. 25 ಡಿಗ್ರಿಯಲ್ಲಿ 10 ಕಿಲೋಓಮ್ ತೋರಿಸುವ ಬಗೆಗಳೂ ಇವೆ. ನಿಮ್ಮ ಗಾಡಿಯದು ಯಾವುದೆಂದು ಅದರ ಸರ್ವಿಸ್ ಕೈಪಿಡಿಯೇ ಹೇಳಬೇಕು. ಹೋಲುವ ಸೆನ್ಸರ್ ಸಿಕ್ಕಿತೆಂದು ಇನ್ನೊಂದು ಬಗೆಯದನ್ನು ಹಾಕಿದರೆ ಕೋಡ್ ಬರದೆಯೂ ಗಾಡಿ ಕೆಡುತ್ತದೆ.

ಇಸಿಯು ತನ್ನೊಳಗಿನ ಒಂದು ಸ್ಥಿರ ರೋಧದ ಮೂಲಕ 5 ವೋಲ್ಟ್ ಕಳಿಸುತ್ತದೆ. ಅದು ಸಿಗ್ನಲ್ ವೈರಿನಲ್ಲಿ ಸೆನ್ಸರಿಗೆ ಬಂದು, ಥರ್ಮಿಸ್ಟರ್ ದಾಟಿ, ಇನ್ನೊಂದು ವೈರಿನಲ್ಲಿ ಇಸಿಯುವಿನ ಅರ್ಥಿಂಗಿಗೆ ಮರಳುತ್ತದೆ. ನಡುವೆ ಉಳಿಯುವ ವೋಲ್ಟೇಜನ್ನು ಇಸಿಯು ಅಳೆದು ತಾಪವಾಗಿ ಓದಿಕೊಳ್ಳುತ್ತದೆ. ತುಂಗಭದ್ರಾ ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ನಮ್ಮ ರೈತರು ಗದ್ದೆಯನ್ನು ಅಗೆಯುವುದಿಲ್ಲ, ತೂಬಿನಿಂದ ಹಿಡಿದು ಕಾಲುವೆಗುಂಟ ನಡೆದು ಎಲ್ಲಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ ಎಂದು ನೋಡುತ್ತಾರೆ. ಗಾಡಿಯ ಸೆನ್ಸರ್ ಆ ಕೊನೆಯ ಗದ್ದೆ.

ಮೀಟರು ಹಿಡಿದು ನಡೆದ ದಾರಿ

ಮೊದಲ ಪರೀಕ್ಷೆಗೆ ಮೀಟರೂ ಬೇಡ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಗಿನ ಜಾವ ಸ್ಕ್ಯಾನರ್ ಹಚ್ಚಿ, ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ ಮೂರು ಸಂಖ್ಯೆ ನೋಡಬೇಕು: ಗ್ಯಾಸಿನ ತಾಪ, ಕೂಲಂಟ್ ತಾಪ, ಒಳಹೋಗುವ ಗಾಳಿಯ ತಾಪ. ಎಲ್ಲವೂ ರಾತ್ರಿ ಒಂದೇ ಗಾಳಿಯಲ್ಲಿ ತಣಿದವು. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡು 27 ಎಂದು ಮೂರನೆಯದು ಮಾತ್ರ 12 ಅಂದರೆ ಸುಳ್ಳು ಹೇಳುತ್ತಿರುವುದು ಯಾವುದೆಂದು ತಿಳಿಯಿತು.

ಮುಂದಿನದು ಕಪ್ಲರ್, ಅಂದರೆ ವೈರುಗಳು ಸೆನ್ಸರಿಗೆ ಕೂಡುವ ಪ್ಲಗ್, ಬಿಚ್ಚುವ ಪರೀಕ್ಷೆ. ಸೆನ್ಸರ್‌ನಿಂದ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿದರೆ ಸ್ಕ್ಯಾನರ್ ಮೈನಸ್ 40 ತೋರಿಸಬೇಕು. ತೋರಿಸದೆ ಅತಿ ಬಿಸಿಯಲ್ಲೇ ನಿಂತಿದ್ದರೆ ಸಿಗ್ನಲ್ ವೈರು ದಾರಿಯಲ್ಲೆಲ್ಲೋ ಬಾಡಿಗೆ ತಾಗಿದೆ. ಬಳಿಕ ಕಪ್ಲರ್‌ನ ವೈರಿಂಗ್ ಕಡೆಯ ತಾಪದ ಎರಡೂ ಪಿನ್‌ಗಳನ್ನು ತೆಳುವಾದ ಜಂಪರ್ ವೈರಿನಿಂದ ಜೋಡಿಸಬೇಕು. ಈಗ ಪರದೆ ಅತಿ ಬಿಸಿಯ ಕೊನೆಗೆ ಹಾರಬೇಕು. ಹಾರದಿದ್ದರೆ ಸಿಗ್ನಲ್ ಪಿನ್ನನ್ನು ನೇರ ಎಂಜಿನ್ ಅರ್ಥಿಂಗಿಗೆ ಜೋಡಿಸಿ ನೋಡಬೇಕು. ಆಗ ಹಾರಿತೆಂದರೆ ಮರಳುವ ಅರ್ಥ್ ವೈರು ತುಂಡಾಗಿದೆ. ಆಗಲೂ ಹಾರದಿದ್ದರೆ ಸಿಗ್ನಲ್ ವೈರು ತುಂಡಾಗಿದೆ, ಇಲ್ಲವೇ ಇಸಿಯುವಿನ ಪಿನ್‌ನಲ್ಲಿ ದೋಷವಿದೆ. ಒಂದು ಎಚ್ಚರಿಕೆ: ಕೋಡ್ ದಾಖಲಾದ ಮೇಲೆ ಕೆಲವು ಇಸಿಯುಗಳು ಪರದೆಗೂ ಅಂದಾಜು ತಾಪವನ್ನೇ ಕಳಿಸುತ್ತವೆ. ಅಂಥ ಗಾಡಿಯಲ್ಲಿ ಡಿಗ್ರಿ ನೋಡದೆ ವೋಲ್ಟೇಜ್ ನೋಡಬೇಕು. ಬಿಚ್ಚಿದ ಕಪ್ಲರ್‌ನ ಆ ಎರಡು ಪಿನ್‌ಗಳ ನಡುವೆ 5 ವೋಲ್ಟಿನ ಆಸುಪಾಸು ಇದ್ದರೆ ಇಸಿಯು ಮತ್ತು ಎರಡೂ ವೈರು ಬಹುಮಟ್ಟಿಗೆ ಸರಿ.

ಬಾಳೆಯ ಗಾಡಿಗೆ ಬರೋಣ. ಅಂದು ಮೀಟರು ಹಿಡಿದದ್ದು ಕಂಪ್ಲಿ ಕಡೆಯ ಒಬ್ಬ ಹುಡುಗ. ಐಟಿಐ ಓದಿ, ಸಣ್ಣ ಶೆಡ್ಡಿನಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ಅವನು ಮಾಡಿದ ಕ್ರಮವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಪ್ಲರ್ ಬಿಚ್ಚಿದ, ಮೈನಸ್ 40 ಬಂತು. ಜಂಪರ್ ಹಾಕಿದ, 140ರ ಹತ್ತಿರ ನಿಂತಿತು. ಜಂಪರ್ ಇಟ್ಟುಕೊಂಡೇ ವೈರಿಂಗ್ ಕಟ್ಟನ್ನು ಉದ್ದಕ್ಕೂ ಅಲುಗಾಡಿಸಿದ, ಸಂಖ್ಯೆ ಕದಲಲಿಲ್ಲ. ಅಲ್ಲಿಗೆ ಇಸಿಯುವೂ ಉದ್ದನೆಯ ವೈರುಗಳೂ ನಿರ್ದೋಷಿಗಳು. ಸೆನ್ಸರ್‌ನ ಎರಡು ಕಾಲುಗಳಿಗೆ ಮೀಟರ್ ಹಚ್ಚಿ ಓಮ್ ಓದಿದ. ಸಂಖ್ಯೆ ಸ್ಥಿರ. ತಲೆಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಕೊಟ್ಟರೆ ಎಲ್ಲೂ ಎಗರದೆ ಮೆಲ್ಲಗೆ ಇಳಿಯಿತು. ಸೆನ್ಸರೂ ನಿರ್ದೋಷಿ.

ಎರಡೂ ಕಡೆ ಸರಿಯಿದ್ದು ಜೋಡಿಸಿದಾಗ ಮಾತ್ರ ಕೆಡುತ್ತದೆ ಎಂದರೆ ಉಳಿದದ್ದು ಅವೆರಡು ಸೇರುವ ಜಾಗ. ಕಪ್ಲರ್ ಮತ್ತೆ ಜೋಡಿಸಿ, ಹಿಂಬದಿಯಿಂದ ತೆಳು ಸೂಜಿ ತೂರಿಸಿ, ಕೂಡುವ ಪಿನ್ನಿನ ಈಚೆ-ಆಚೆ ವೋಲ್ಟೇಜ್ ಅಳೆದ. ಕೆಲವೇ ಮಿಲಿವೋಲ್ಟ್ ಇರಬೇಕಾದಲ್ಲಿ ಅರ್ಧ ವೋಲ್ಟಿಗೂ ಹೆಚ್ಚು ಇತ್ತು. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಒಂದು ಪಿನ್ನಿನ ಒಳಬಾಯಿ ಅಗಲವಾಗಿತ್ತು, ಅಂಚಿಗೆ ಹಸಿರು ಕಿಲುಬು ಹತ್ತಿತ್ತು. ಹಿಂದೆ ಯಾರೋ ಮೀಟರಿನ ದಪ್ಪ ಮುಳ್ಳನ್ನು ನೇರ ಅದರ ಬಾಯಿಗೆ ತುರುಕಿರಬೇಕು. ಹಿಡಿತ ಸಡಿಲಾದ ಪಿನ್ನಿಗೆ ನೀರು ಸೇರಿ ಕಿಲುಬು ಹಿಡಿಯಿತು. ತಗ್ಗುದಿಣ್ಣೆಗೆ ಗಾಡಿ ಕುಲುಕಿದಾಗಲೆಲ್ಲ ಸಂಪರ್ಕ ತಪ್ಪುತ್ತಿತ್ತು.

ಇಲ್ಲೊಂದು ಸೂಕ್ಷ್ಮವಿದೆ, ಅದಕ್ಕಾಗಿಯೇ ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಿದೆ. ಪೂರ್ತಿ ತುಂಡಾದ ವೈರು ಕೂಡಲೇ ಸಿಕ್ಕಿಬೀಳುತ್ತದೆ. ಅರೆಬರೆ ಕಿಲುಬು ಸಿಕ್ಕಿಬೀಳುವುದಿಲ್ಲ. ಪಿನ್ನಿನಲ್ಲಿ 500 ಓಮ್ ಹೆಚ್ಚುವರಿ ರೋಧ ಸೇರಿತು ಎಂದಿಟ್ಟುಕೊಳ್ಳಿ. ಬೆಳಿಗ್ಗೆ 20 ಡಿಗ್ರಿಯಲ್ಲಿ ಸೆನ್ಸರ್‌ನದೇ 2500 ಓಮ್. ಒಟ್ಟು 3000. ಇಸಿಯು ಅದನ್ನು 15-16 ಡಿಗ್ರಿ ಎಂದು ಓದುತ್ತದೆ. ವ್ಯತ್ಯಾಸ ನಾಲ್ಕೈದು ಡಿಗ್ರಿ, ಯಾರಿಗೂ ತಿಳಿಯದು. ಮಧ್ಯಾಹ್ನ ಗ್ಯಾಸು 60 ಡಿಗ್ರಿಗೆ ಕಾದಾಗ ಸೆನ್ಸರ್‌ನ ರೋಧ 600 ಓಮ್‌ಗೆ ಇಳಿದಿರುತ್ತದೆ. ಅದೇ 500 ಸೇರಿ 1100. ಇಸಿಯು 42 ಡಿಗ್ರಿ ಎಂದು ಓದುತ್ತದೆ. ತಪ್ಪು 18 ಡಿಗ್ರಿ! ಕಿಲುಬು ಬದಲಾಗಿಲ್ಲ, ಬಿಸಿಲು ಏರಿದೆ ಅಷ್ಟೇ. 42 ಡಿಗ್ರಿ ಎಂಬುದು ನಂಬಲರ್ಹ ಸಂಖ್ಯೆಯಾದ್ದರಿಂದ ಚೆಕ್ ಲೈಟೂ ಹತ್ತುವುದಿಲ್ಲ. ‘ಮುಂಜಾನಿ ಛಲೋ, ಮಧ್ಯಾಹ್ನ ಇಲ್ಲ’ ಎಂಬ ಚಾಲಕನ ಮಾತಿನಲ್ಲಿ ರೋಗದ ಅರ್ಧ ಗುರುತು ಇತ್ತು. ಆ ಮಾತನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ತಂಪು ನಾಡಿನ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಅಡಗಿಕೊಳ್ಳಬಲ್ಲ ಇಂಥ ದೋಷ ನಮ್ಮ ಬಿಸಿಲಲ್ಲಿ ಬೇಗ ಹೊರಬೀಳುತ್ತದೆ.

ಹೊಸ ಸೆನ್ಸರ್ ಹಾಕಿದ ಮೇಲೆ ಕೆಲವು ವಾರ ಗಾಡಿ ಸರಿಯಾಗಿದ್ದದ್ದು ಏಕೆ? ಸೆನ್ಸರ್ ಬದಲಿಸಲು ಕಪ್ಲರ್ ಬಿಚ್ಚಿ ಹಾಕಲೇಬೇಕು. ಹಾಗೆ ಬಿಚ್ಚಿ ಹಾಕಿದಾಗ ಪಿನ್ನಿನ ಮೇಲಿನ ಕಿಲುಬು ಉಜ್ಜಿಹೋಗಿ ಸಂಪರ್ಕ ತಾತ್ಕಾಲಿಕವಾಗಿ ಕುದುರುತ್ತದೆ. ಶ್ರೇಯಸ್ಸು ಹೊಸ ಸೆನ್ಸರಿಗೆ ಹೋಗುತ್ತದೆ, ಬಿಲ್ಲೂ ಅದಕ್ಕೇ ಆಗುತ್ತದೆ. ನಿಜವಾದ ರೋಗ ಹಾಗೇ ಉಳಿಯುತ್ತದೆ. ಆ ಹುಡುಗ ಪಿನ್ ಬದಲಿಸಿ, ಕಪ್ಲರ್‌ನ ರಬ್ಬರ್ ಸೀಲು ಕೂರಿಸಿ, ವೈರಿಂಗ್ ಕಟ್ಟು ಎಳೆತಕ್ಕೆ ಸಿಗದಂತೆ ಕ್ಲಿಪ್ ಹಾಕಿದ. ಕೋಡ್ ಅಳಿಸಿ, ಸ್ಕ್ಯಾನರ್ ಹಚ್ಚಿಕೊಂಡೇ ಬಿಸಿಲಲ್ಲಿ ಗಾಡಿ ಓಡಿಸಿ ತಾಪದ ಗೆರೆ ಎಲ್ಲೂ ಮುರಿಯದೆ ಸಾಗುವುದನ್ನು ನೋಡಿದ. ಈ ಕೊನೆಯ ಓಟವನ್ನು ಮಾಡದೆ ‘ಸರಿಹೋಯಿತು’ ಎನ್ನಬಾರದು.

ನಮ್ಮ ಸೀಮೆಯ ಶತ್ರುಗಳು

ಕಂಪನಿಯ ಕೈಪಿಡಿಯಲ್ಲಿ ಬರೆಯದ ಕೆಲವು ಕಾರಣಗಳು ನಮ್ಮ ಸೀಮೆಯಲ್ಲಿ ಇವೆ. ಸಂಡೂರು ಕಡೆಯ ಅದಿರಿನ ಕೆಂಪು ದೂಳು ಒಣಗಿದ್ದಾಗ ತೊಂದರೆ ಕೊಡುವುದಿಲ್ಲ. ಕಪ್ಲರ್ ಒಳಗೆ ಸೇರಿ ತೇವ ಹಿಡಿದುಕೊಂಡರೆ ಪಿನ್ನಿಗೆ ಕಿಲುಬು ಹಿಡಿಸುತ್ತದೆ. ಆ ದೂಳು ತೊಳೆಯಲೆಂದು ವಾಟರ್ ಸರ್ವಿಸಿನಲ್ಲಿ ಜೋರು ಪಿಚಕಾರಿಯನ್ನು ನೇರ ಎಂಜಿನ್ನಿಗೆ ಹೊಡೆಸುತ್ತಾರೆ, ಆ ನೀರು ಸೀಲು ಸಡಿಲಾದ ಕಪ್ಲರ್ ಹುಡುಕಿಕೊಂಡು ಹೋಗುತ್ತದೆ. ಕಂಪ್ಲಿ, ರಾಮಸಾಗರದ ಭತ್ತದ ಬಯಲಿನಲ್ಲಿ ಕೊಯ್ಲಾದ ಮೇಲೆ ಇಲಿಗಳು ಊರಿನೊಳಕ್ಕೆ ಬರುತ್ತವೆ, ರಾತ್ರಿ ನಿಂತ ಗಾಡಿಯ ಬೆಚ್ಚನೆಯ ಬಾನೆಟ್ ಅವಕ್ಕೆ ಗೂಡು. ತೆಳ್ಳನೆಯ ಸೆನ್ಸರ್ ವೈರು ಮೊದಲ ತುತ್ತು. ವೈರಿಂಗ್ ಕಟ್ಟು ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಬಾಡಿಗೆ ತಾಗುವುದು ಎಲ್ಲ ಊರಿನಲ್ಲೂ ಇರುವ ಕಾರಣ, ಹದಗೆಟ್ಟ ರಸ್ತೆಯಲ್ಲಿ ಅದು ಬೇಗ ಆಗುತ್ತದೆ.

ಹೊರಗಿನಿಂದ ಸಿಎನ್‌ಜಿ ಕಿಟ್ ಕೂರಿಸಿದ ಗಾಡಿಗಳಲ್ಲಿ ಇನ್ನೊಂದು ಗೊಂದಲವಿದೆ. ಅವುಗಳಲ್ಲಿ ರೇಲ್‌ನ ಗ್ಯಾಸ್ ತಾಪದ ಸೆನ್ಸರ್ ಒಂದು, ರಿಡ್ಯೂಸರ್‌ನ ಕೂಲಂಟ್ ತಾಪದ ಸೆನ್ಸರ್ ಇನ್ನೊಂದು. ರಿಡ್ಯೂಸರ್ ಸಾಕಷ್ಟು ಬಿಸಿಯಾಗುವವರೆಗೂ ಕಿಟ್ಟಿನ ಇಸಿಯು ಪೆಟ್ರೋಲಿನಿಂದ ಗ್ಯಾಸಿಗೆ ಹೊರಳುವುದಿಲ್ಲ. ಆ ಸೆನ್ಸರ್‌ನ ವೈರು ತುಂಡಾದರೆ ರಿಡ್ಯೂಸರ್ ಸದಾ ಮೈನಸ್ 40ರಲ್ಲಿದೆ ಎಂದೇ ಲೆಕ್ಕ. ಗಾಡಿ ಹಗಲೆಲ್ಲ ಪೆಟ್ರೋಲಿನಲ್ಲೇ ಓಡುತ್ತದೆ. ‘ಗ್ಯಾಸಿಗೆ ಶಿಫ್ಟ್ ಆಗ್ತಿಲ್ಲ’ ಎಂಬ ದೂರಿಗೆ ರಿಡ್ಯೂಸರನ್ನೇ ಬದಲಿಸಿದ ಉದಾಹರಣೆಗಳನ್ನು ಕೇಳಿದ್ದೇನೆ. ಎರಡು ವೈರಿನ ಪರೀಕ್ಷೆ ಅಲ್ಲಿಗೂ ಅದೇ.

ಮಾಡಬಾರದ್ದನ್ನೂ ಹೇಳಬೇಕು. ಇದು ಗ್ಯಾಸಿನ ಗಾಡಿ. ಮೇಲೆ ಹೇಳಿದ ಯಾವ ಪರೀಕ್ಷೆಗೂ ಗ್ಯಾಸಿನ ಪೈಪು ಸಡಿಲಿಸಬೇಕಿಲ್ಲ, ಸೆನ್ಸರನ್ನು ತಿರುಗಿಸಿ ತೆಗೆಯಬೇಕಿಲ್ಲ. ಸೆನ್ಸರ್ ಕೂತಿರುವುದು ಒತ್ತಡದ ಗ್ಯಾಸಿನೊಳಗೆ. ತೆಗೆಯಲೇಬೇಕಾದರೆ ಸಿಲಿಂಡರ್‌ನ ಕೈವಾಲ್ವ್ ಮುಚ್ಚಿ, ಪೈಪಿನ ಒತ್ತಡ ಖಾಲಿ ಮಾಡಿ, ಬಯಲಿನಲ್ಲಿ, ಆ ತರಬೇತಿ ಪಡೆದವರೇ ತೆಗೆಯಬೇಕು; ಮರಳಿ ಕೂರಿಸಿದ ಮೇಲೆ ಸೋರಿಕೆ ಪರೀಕ್ಷೆ ಮಾಡಲೇಬೇಕು. ಸೆನ್ಸರ್ ಬಿಸಿ ಮಾಡಲು ಲೈಟರ್ ಹಿಡಿಯುವವರನ್ನು ಕಂಡರೆ ಕೂಡಲೇ ತಡೆಯಿರಿ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಸೇರಿದರೆ ಒಂದು ಕಿಡಿ ಸಾಕು. ಗ್ಯಾಸಿನ ವಾಸನೆ ಇರುವ ಗಾಡಿಗೆ ಡ್ರೈಯರೂ ಬೇಡ, ಮೀಟರೂ ಬೇಡ. ಮೊದಲು ಸೋರಿಕೆ ನಿಲ್ಲಬೇಕು. ವೈರಿನ ಹೊದಿಕೆಗೆ ಸೂಜಿ ಚುಚ್ಚಿ ನೋಡಬೇಡಿ, ಆ ತೂತಿನಿಂದ ಮಳೆಗಾಲದಲ್ಲಿ ಹೊಸ ಕಿಲುಬು ಶುರುವಾಗುತ್ತದೆ. ಬಲ್ಬಿನ ಟೆಸ್ಟರನ್ನು ಸೆನ್ಸರ್ ವೈರಿಗೆ ಹಚ್ಚಬೇಡಿ, ಅದು ಎಳೆಯುವ ಕರೆಂಟು ಇಸಿಯುವನ್ನು ಸುಡಬಹುದು. ಓಮ್ ಅಳೆಯುವಾಗ ಕೀ ಆಫ್ ಇರಲಿ, ಕಪ್ಲರ್ ಬಿಚ್ಚಿರಲಿ. ಗ್ಯಾರೇಜಿಗೆ ಹೋದ ನೆಪದಲ್ಲಿ ಸಿಲಿಂಡರ್‌ನ ತಗಡಿನ ಮೇಲಿನ ದಿನಾಂಕವನ್ನೂ ನೋಡಿಕೊಳ್ಳಿ. ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ.

ಕಲಿಸುವವರು ಯಾರು?

ಗೇಲ್ ಸಂಸ್ಥೆಯ ದಾಭೋಳ್–ಬೆಂಗಳೂರು ಪೈಪ್‌ಲೈನ್ 2013ರಲ್ಲಿ ದೇಶಕ್ಕೆ ಅರ್ಪಣೆಯಾಯಿತು. ಕರ್ನಾಟಕಕ್ಕೆ ನೈಸರ್ಗಿಕ ಅನಿಲದ ಹೆದ್ದಾರಿ ತೆರೆದದ್ದು ಅದು, ಉದ್ದ ಸುಮಾರು 1000 ಕಿಲೋಮೀಟರ್. ಮಾರುತಿ ಕಂಪನಿ 2010ರಲ್ಲೇ ಕಾರ್ಖಾನೆಯಿಂದಲೇ ಸಿಎನ್‌ಜಿ ಕೂರಿಸಿದ ಇಂಜೆಕ್ಷನ್ ಕಾರುಗಳನ್ನು ಮಾರುಕಟ್ಟೆಗೆ ತಂದಿತ್ತು. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದಮೇಲೆ ಸಣ್ಣ ಗಾಡಿಗಳಲ್ಲೂ ಸೆನ್ಸರ್ ಹೆಚ್ಚಿದವು. 2024ರ ಜುಲೈಯಲ್ಲಿ ಬಜಾಜ್‌ನ ಸಿಎನ್‌ಜಿ ಬೈಕೂ ಬಂತು. ಗ್ಯಾಸು ಬಂತು, ಗಾಡಿ ಬಂತು, ಅದನ್ನು ಅಳೆಯುವ ವಿದ್ಯೆ ಮಾತ್ರ ದೊಡ್ಡ ಊರುಗಳ ಸರ್ವಿಸ್ ಸೆಂಟರುಗಳಲ್ಲೇ ಉಳಿದಿದೆ. ಮೆಟ್ರಿಯಂಥ ಊರಿನ ಗಾಡಿಗೆ ಅಲ್ಲಿಗೆ ಹೋಗಿಬರುವುದೇ ಒಂದು ದಿನದ ದುಡಿಮೆಗೆ ಕತ್ತರಿ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಅಲ್ಲಿನ ಯಂತ್ರಗಳ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಸಣ್ಣ ಬೇಡಿಕೆ ಇಡುತ್ತೇನೆ: ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳ ಮುಂದೆ ಒಂದು ಥರ್ಮಿಸ್ಟರ್, ಒಂದು ಕಪ್ಲರ್, 5 ವೋಲ್ಟಿನ ಒಂದು ಸರಬರಾಜು ಇಟ್ಟು, ನಡುವೆ 500 ಓಮ್ ಬಚ್ಚಿಟ್ಟು, ‘ದೋಷ ಎಲ್ಲಿದೆ ಹೇಳಿ’ ಎಂದು ಕೇಳಬೇಕು. ಆ ಪಾಠಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಅದನ್ನು ಕನ್ನಡದಲ್ಲೇ ಬರೆದು ಅಚ್ಚು ಹಾಕಿಸಬೇಕು. ಓಮ್, ವೋಲ್ಟ್, ಶಾರ್ಟ್, ಓಪನ್ ಎಲ್ಲ ನಮ್ಮ ಹುಡುಗರ ಬಾಯಲ್ಲಿ ಆಗಲೇ ಇರುವ ಮಾತುಗಳು.

ಕಂಪನಿಗಳ ಪಾಲೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಆ ಸಮಿತಿ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ, ಕೃಷಿ ಉಪಕರಣಗಳೂ ಸೇರಿವೆ. ಯಾವ ತಾಪಕ್ಕೆ ಎಷ್ಟು ಓಮ್ ಎಂಬ ಪಟ್ಟಿ, ಯಾವ ಬಣ್ಣದ ವೈರು ಇಸಿಯುವಿನ ಯಾವ ಪಿನ್ನಿಗೆ ಹೋಗುತ್ತದೆ ಎಂಬ ನಕ್ಷೆ — ಇವೆರಡು ಪ್ರತಿ ಗಾಡಿಯ ಜೊತೆ ಬಹಿರಂಗವಾಗಿ ಸಿಗುವಂತಾಗಬೇಕು. ಇವನ್ನು ಮುಚ್ಚಿಟ್ಟು ಹಳ್ಳಿಯ ಮೆಕ್ಯಾನಿಕ್ ಊಹೆಯಿಂದ ಕೆಲಸ ಮಾಡುತ್ತಾನೆಂದು ದೂರುವುದು ನ್ಯಾಯವಲ್ಲ.

ಸಿಎನ್‌ಜಿ ಗಾಡಿ ಓಡಿಸುವ ಸೋದರ ಸೋದರಿಯರಿಗೆ ನನ್ನ ಕೋರಿಕೆ: ಗಾಡಿ ಯಾವ ಹೊತ್ತಿಗೆ ಕೆಡುತ್ತದೆ, ಬಿಸಿಲಿಗೋ ಮಳೆಗೋ, ತಗ್ಗಿಗೆ ಬಿದ್ದಾಗಲೋ, ವಾಟರ್ ಸರ್ವಿಸ್ ಆದ ಮೇಲೋ ಎಂಬುದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ಹೊಸ ಸೆನ್ಸರಿಗೆ ಹಣ ಕೊಡುವ ಮುನ್ನ ಮೂರು ಸಂಖ್ಯೆ ಕೇಳಿ: ಕಪ್ಲರ್ ಬಿಚ್ಚಿದಾಗ ಪರದೆ ಎಷ್ಟು ತೋರಿಸಿತು, ಜಂಪರ್ ಹಾಕಿದಾಗ ಎಷ್ಟು, ಹಳೆಯ ಸೆನ್ಸರ್‌ನ ಓಮ್ ಎಷ್ಟು. ಮೂರನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ, ತೆಗೆದ ಹಳೆಯ ಸೆನ್ಸರನ್ನೂ ಕೇಳಿ ಇಸಿದುಕೊಳ್ಳಿ.